ಹದಿನಾಲ್ಕು ಮಂದಿ ಶುಭಕೋರುವವರು

‘ಸರ್, ನಿಮ್ಮ ಜೊತೆ ಒಂದು ಮಾತು’ ಎಂದು ಶುರು ಮಾಡಬೇಕೋ, ಇಲ್ಲಾ ‘ಸರ್, ನನಗೆ ಸಿಕ್ಕಿಲ್ಲ’ ಎಂದು ಒಮ್ಮೆಲೇ ಹೇಳಿಬಿಡಬೇಕೋ? ಮೊದಲನೆಯದು ಹೇಳಿದರೆ ಸರ್ ‘ಒಂದ್ಯಾಕೋ, ಎರಡು ಹೇಳು’ ಎಂದು ನಗುತ್ತಾರೆ. ಅವರು ನಕ್ಕ ಮೇಲೆ ಎರಡನೆಯದು ಗಂಟಲಲ್ಲೇ ಕೂತುಬಿಡುತ್ತದೆ. ಎರಡನೆಯದನ್ನೇ ಮೊದಲು ಹೇಳಿದರೆ... ಹೇಳಿದರೆ ಏನಾಗುತ್ತದೆ ಎಂದು ಕಲ್ಯಾಣಕುಮಾರ ಎಂಟು ದಿನದಿಂದ ಯೋಚಿಸುತ್ತಿದ್ದ. ಆದರೆ ಅವನ ಯೋಚನೆ, ಏರು ಹತ್ತಲಾರದ ಕಬ್ಬಿನ ಟ್ರ್ಯಾಕ್ಟರಿನ ಹಾಗೆ, ಅಲ್ಲಿಗೆ ಬಂದು ಹಿಂದೆ ಜಾರುತ್ತಿತ್ತು.

“ಯಾಕೋ ತಮ್ಮಾ, ರೊಟ್ಟಿ ಜೋಡಿ ಮಾತಾಡಾಕತ್ತೀ ಏನು?” ಎಂದಳು ಅವ್ವ ನಿಂಬೆವ್ವ. ರೊಟ್ಟಿಯ ಮೊದಲ ತುತ್ತು ಇನ್ನೂ ಕೈಯಲ್ಲೇ ಇತ್ತು. ಶೇಂಗಾ ಹಿಂಡಿಯ ಮೇಲೆ ನೊಣ ಕೂತು ಎದ್ದು ಹೋಗಿತ್ತು.

“ಏನಿಲ್ಲಬೇ. ಇವತ್ತು ಕಾಲೇಜಿಗಿ ಕಂಪನಿ ಬರ್ತದ. ಅದರ ವಿಚಾರ ಮಾಡಾಕತ್ತಿದ್ದೆ.”

“ನಿನಗ ಆಗೇದಲ್ಲ, ಇನ್ನೇನು ವಿಚಾರ?” ಎಂದ ಅವ್ವ ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ಒಲೆಯ ಕಡೆ ತಿರುಗಿದಳು.

ಆಗಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಕಲ್ಯಾಣಕುಮಾರ ಅಫಜಲಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ವಿದ್ಯಾರ್ಥಿ. ಜೊತೆಗೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಕಾಲೇಜಿಗೆ ಕಂಪನಿಗಳು ಬಂದಾಗ ಹುಡುಗರನ್ನು ಸಾಲು ಹಚ್ಚುವವನೂ ಅವನೇ. ಎರಡು ಬೇಸಿಗೆಯಲ್ಲಿ ಎರಡು ಇಂಟರ್ನ್‌ಶಿಪ್ ಮುಗಿಸಿದ್ದ. ಆಳಂದದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಎರಡು ತಿಂಗಳು ಇದ್ದು, ಪ್ರಿಂಟರಿನಲ್ಲಿ ಸಿಕ್ಕ ಕಾಗದ ಹರಿಯದಂತೆ ಎಳೆಯುವುದನ್ನು ಕಲಿತಿದ್ದ. ಜೇವರ್ಗಿಯ ಬೇಳೆ ಮಿಲ್ಲಿನಲ್ಲಿ ಒಂದು ತಿಂಗಳು ಇದ್ದು, ಮನುಷ್ಯರ ಬಗ್ಗೆ ಕಲಿತಿದ್ದ. ಕಾಲೇಜಿನ ಸಂಚಿಕೆಯಲ್ಲಿ ‘ಇಂಟರ್ನ್‌ಶಿಪ್ ಮತ್ತು ನಾಯಕತ್ವದಿಂದ ಬೆಳೆದ ಪ್ರತಿಭೆ’ ಎಂದು ಅವನ ಬಗ್ಗೆ ಅರ್ಧ ಪುಟ ಬರೆದಿದ್ದರು. ಬೆಳೆದದ್ದು ಎಷ್ಟೋ, ಆಯಾಸವಂತೂ ಬೆಳೆದಿತ್ತು.

ಒಂಬತ್ತು ದಿನದ ಹಿಂದೆ ಹೈದರಾಬಾದಿನ ಒಂದು ಕಂಪನಿಯವರು ಫೋನಿನಲ್ಲೇ ಅವನ ಕೊನೆಯ ಸುತ್ತಿನ ಸಂದರ್ಶನ ಮಾಡಿದ್ದರು. ಕಾಲೇಜಿನ ಬೇವಿನ ಮರದ ಕೆಳಗೆ ಒಂದು ತಾಸು ಮಾತಾಡಿ ಬೆವರು ಒರೆಸಿಕೊಳ್ಳುತ್ತ ಬಂದಾಗ, ಗೆಳೆಯ ಪರಮೇಶ ಕೇಳಿದ್ದು ಒಂದೇ ಪ್ರಶ್ನೆ: “ಕೊನೇ ರೌಂಡ್ ಮುಗೀತಿಲ್ಲೋ?”

“ಮುಗೀತು.”

ಪರಮೇಶನಿಗೆ ಅಷ್ಟು ಸಾಕಾಗಿತ್ತು. ಹೆಣ್ಣು ನೋಡಲು ಹೋದವರು ಎರಡನೇ ಸಲ ಚಾ ಕುಡಿದರೆಂದರೆ ಮದುವೆ ಆದ ಹಾಗೆಯೇ ಎಂದು ತಿಳಿಯುವ ಮನೆತನ ಅವನದು. ಅಂದು ಸಂಜೆಯೇ ಅಫಜಲಪುರದ ಬಸ್ ನಿಲ್ದಾಣದ ಎದುರು ಹನ್ನೆರಡು ಅಡಿಯ ಫ್ಲೆಕ್ಸ್ ಎದ್ದಿತು. ‘ಹೈದರಾಬಾದಿನ ಪ್ರತಿಷ್ಠಿತ ಕಂಪನಿಗೆ ಆಯ್ಕೆಯಾದ ನಮ್ಮ ಹೆಮ್ಮೆಯ ಕಲ್ಯಾಣಕುಮಾರನಿಗೆ ಹಾರ್ದಿಕ ಅಭಿನಂದನೆಗಳು.’ ಎಡ ಮೂಲೆಯಲ್ಲಿ ಕಾಲೇಜಿನ ಗುರುತಿನ ಚೀಟಿಯಿಂದ ತೆಗೆದ ಅವನ ಫೋಟೋ, ಕಳೆದುಹೋದ ಹುಡುಗನ ಪ್ರಕಟಣೆಯ ಹಾಗೆ. ಉಳಿದ ಜಾಗದ ತುಂಬ ಹದಿನಾಲ್ಕು ಮಂದಿ ಶುಭಕೋರುವವರು: ಕಪ್ಪು ಕನ್ನಡಕದವರು, ಫೋನು ಕಿವಿಗೆ ಹಚ್ಚಿಕೊಂಡವರು, ಕೈ ಮುಗಿದವರು.

ಮರುದಿನ ಮುಂಜಾನೆ ಕಂಪನಿಯ ಮೇಲ್ ಬಂತು. ತಮ್ಮ ಆಸಕ್ತಿಗೆ ಧನ್ಯವಾದಗಳು, ಈ ಸಲ ಸಾಧ್ಯವಾಗಲಿಲ್ಲ.

ಅದನ್ನು ಮೊದಲು ಪರಮೇಶನಿಗೆ ತೋರಿಸಿದ್ದ. ಪರಮೇಶ ಬಹಳ ಹೊತ್ತು ತಲೆ ಕೆರೆದುಕೊಂಡ. “ಈಗ ಫ್ಲೆಕ್ಸ್ ಇಳಿಸಿದ್ರ ಹದಿನಾಲ್ಕು ಮಂದಿ ಮರ್ಯಾದಿ ಹೋಗ್ತದಲೇ. ಅದರಾಗ ಒಬ್ಬಾಂವ ಪಂಚಾಯ್ತಿಗಿ ನಿಂದರಾಂವ ಇದ್ದಾನ. ಇನ್ನೊಬ್ಬಾಂವ ಅದೇ ಫೋಟೋ ತೋರಿಸಿ ಹೆಣ್ಣು ನೋಡಾಕತ್ತಾನ. ಸುಮ್ಮ ಕೂಡು. ಮಳಿ ಬಂದ್ರ ತಾನೇ ಹರೀತದ.”

ಮಳೆ ಬರಲಿಲ್ಲ. ಕಲ್ಯಾಣಕುಮಾರ ಸುಮ್ಮನೆ ಕೂತ. ಸುಮ್ಮನೆ ಕೂಡುವುದೊಂದು ಅವನಿಗೆ ಯಾವ ಇಂಟರ್ನ್‌ಶಿಪ್ ಇಲ್ಲದೆಯೂ ಬರುತ್ತಿತ್ತು.

ಇವತ್ತು ಸುಮ್ಮನೆ ಕೂಡುವಂತಿರಲಿಲ್ಲ. ಸೊಲ್ಲಾಪುರದ ಕಂಪನಿಯೊಂದು ಹತ್ತು ಗಂಟೆಗೆ ಕಾಲೇಜಿಗೆ ಬರುತ್ತಿತ್ತು. ಆರು ತಿಂಗಳು ಸಂಬಳದ ಇಂಟರ್ನ್‌ಶಿಪ್, ಆಮೇಲೆ ಖಾಯಂ ಕೆಲಸ, ಒಟ್ಟು ನಾಲ್ಕು ಜಾಗ. ವರ್ಷದ ಕೊನೆಯ ಕಂಪನಿ ಇದೇ ಇರಬಹುದು ಎಂದು ವಿಭಾಗದ ದೇವೀಂದ್ರಪ್ಪ ಸರ್ ಹೇಳಿದ್ದರು. ಆದರೆ ಕಾಲೇಜಿನಲ್ಲಿ ಒಂದು ನಿಯಮವಿತ್ತು: ಒಬ್ಬರಿಗೆ ಒಂದೇ. ಒಂದು ಕಡೆ ಆಯ್ಕೆಯಾದವರು ಇನ್ನೊಂದು ಕಂಪನಿಯ ಮುಂದೆ ಕೂಡುವಂತಿಲ್ಲ. ಹೋದ ವರ್ಷ ಒಬ್ಬ ಹುಡುಗ ಮೂರು ಕಂಪನಿಯ ಪತ್ರ ಕಿಸೆಯಲ್ಲಿಟ್ಟುಕೊಂಡು ಒಂದಕ್ಕೂ ಹೋಗದೆ ಊರಲ್ಲಿ ಕೂತಿದ್ದರಿಂದ ಕಂಪನಿಗಳು ಸಿಟ್ಟಾಗಿದ್ದವು. ಆಗ ಈ ನಿಯಮ ಬರೆದು, ಟೈಪ್ ಮಾಡಿ, ಕಟ್ಟು ಹಾಕಿಸಿ ವಿಭಾಗದ ಬಾಗಿಲಿಗೆ ತೂಗುಹಾಕಿದವನು ಕಾರ್ಯದರ್ಶಿ ಕಲ್ಯಾಣಕುಮಾರನೇ.

ಅಂದರೆ ಹತ್ತು ಗಂಟೆಯೊಳಗೆ ದೇವೀಂದ್ರಪ್ಪ ಸರ್‌ಗೆ ನಿಜ ಹೇಳಬೇಕು, ಪಟ್ಟಿಯಲ್ಲಿ ತನ್ನ ಹೆಸರು ಸೇರಬೇಕು. ಅರ್ಧ ರೊಟ್ಟಿ ಬಿಟ್ಟು ಎದ್ದ. ಅಪ್ಪ ಬೀರಲಿಂಗಪ್ಪ ಹೊಲದಿಂದ ಇನ್ನೂ ಬಂದಿರಲಿಲ್ಲ. ಅಪ್ಪನಿಗೆ ಹೇಳುವುದು ಹೇಗೂ ಕೊನೆಗೆ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಮೇಲಿನ ಓಣಿಯ ಗುರಮ್ಮ. ಮೂರು ತಾಲೂಕಿನ ಮದುವೆಗಳನ್ನು ಬಾಯಲ್ಲೇ ಕೂಡಿಸುವ ಹೆಂಗಸು. ಆಕೆ ಎಲೆ ಅಡಿಕೆಯ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವನ ಮೇಲಿನ ಕಿಸೆಗೆ ತುರುಕಿದಳು.

“ಜೇವರ್ಗಿ ಕಡೆ ಹುಡುಗಿ. ಬಿ.ಎಡ್. ಆಗೇದ. ನಿನ್ನ ಫ್ಲೆಕ್ಸ್ ನೋಡಿ ಅವರೇ ಫೋನ್ ಮಾಡ್ಯಾರ.”

ಕಲ್ಯಾಣಕುಮಾರನಿಗೆ ಅನ್ನಿಸಿತು, ಇಲ್ಲಿಂದಲೇ ಶುರು ಮಾಡಿದರೆ ಬಾಯಿ ಪಳಗುತ್ತದೆ. ಉಸಿರು ಎಳೆದುಕೊಂಡ. “ಗುರಮ್ಮಾಯಿ, ಖರೇ ಹೇಳ್ತೇನಿ. ನನಗ ಆ ಕೆಲಸ ಸಿಕ್ಕಿಲ್ಲ.”

ಹೇಳಿಯೇಬಿಟ್ಟಿದ್ದ. ಎಂಟು ದಿನದಲ್ಲಿ ಮೊದಲ ಸಲ ಎದೆಯ ಮೇಲಿನ ಕಲ್ಲು ಒಂದು ಬೆರಳಷ್ಟು ಸರಿಯಿತು.

ಗುರಮ್ಮ ಅವನ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಒತ್ತಿ ನೆಟಿಕೆ ಮುರಿದಳು. “ಹಂಗೇ ಅನ್ನಬೇಕು ನನ್ನಪ್ಪಾ! ಕೇಳಿದವರಿಗೆಲ್ಲ ಹಂಗೇ ಹೇಳು. ಫ್ಲೆಕ್ಸ್ ಹಾಕಿದ ಹುಡುಗ್ರಿಗಿ ಬಾಳ ಜಲ್ದಿ ದೃಷ್ಟಿ ತಾಕ್ತದ.” ಎಂದವಳೇ ಹಿಂದಿನ ಸೀಟಿಗೆ ತಿರುಗಿ, “ನೋಡಬೇ, ಎಷ್ಟು ಶಾಣ್ಯಾ ಹುಡುಗ! ಸಿಕ್ಕಿಲ್ಲ ಅಂತಾನ!” ಎಂದಳು. ಬಸ್ಸಿನ ಅರ್ಧ ಜನ ಮೆಚ್ಚುಗೆಯಿಂದ ಅವನ ಕಡೆ ನೋಡಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, “ನಮ್ಮ ತಂಗಿ ಮಗನಿಗೂ ಒಂದು ಕಡೆ ಹಚ್ಚರಿ ಸಾಹೇಬ್ರ, ಅವನೂ ಕಂಪ್ಯೂಟರೇ” ಎಂದ.

ಕಲ್ಲು ತನ್ನ ಜಾಗಕ್ಕೆ ವಾಪಸು ಬಂತು.

ಅಫಜಲಪುರದಲ್ಲಿ ಇಳಿದರೆ ಎದುರಿಗೆ ಫ್ಲೆಕ್ಸ್. ಇದನ್ನೇ ಮೊದಲು ಕಿತ್ತುಹಾಕಿಸಿದರೆ ನಿಜ ಹೇಳುವುದು ಹಗುರಾದೀತು ಎಂದುಕೊಂಡು ಪಕ್ಕದ ಅಂಗಡಿಗೆ ಹೋದ. ಫ್ಲೆಕ್ಸ್ ಮಾಡಿ ಹಚ್ಚುವ ಗೌಸಮೊಹಿದ್ದೀನ ಭಾಯ್ ಚಾ ಬಸಿಯಲ್ಲಿ ಹಾಕಿಕೊಂಡು ಊದುತ್ತ ಕೂತಿದ್ದ.

“ಭಾಯ್, ಬಿಸಿಲಿಗಿ ಬಣ್ಣ ಹೋಗ್ಯದ. ಇಳಿಸಿಬಿಡ್ರಿ.”

ಗೌಸಮೊಹಿದ್ದೀನ ಎದ್ದು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. “ನಿಮ್ಮ ಫೋಟೋದ್ದು ಅಷ್ಟೇ ಹೋಗ್ಯದರಿ. ಅವರದ್ದು ಹೋಗಿಲ್ಲ ನೋಡ್ರಿ, ಪಕ್ಕಾ ಇಂಕ್ ಹಾಕ್ಸ್ಯಾರ.”

ಖರೆ. ಎಡ ಮೂಲೆಯ ಕಲ್ಯಾಣಕುಮಾರ ಈಗ ಒಂದು ಮಂಕು ಹಳದಿ ಕಲೆಯಾಗಿದ್ದ. ಹದಿನಾಲ್ಕು ಮಂದಿ ಮಾತ್ರ ನಿನ್ನೆ ಮಿಂದು ಬಂದವರ ಹಾಗೆ ಹೊಳೆಯುತ್ತಿದ್ದರು.

“ನಾನೇ ಬ್ಯಾಡ ಅನ್ನಾಕತ್ತೇನಿ, ಇಳಿಸ್ರಿ ಭಾಯ್.”

“ಹಂಗ ಆಗಲ್ರಿ. ಇದು ನಿಮ್ಮ ಫ್ಲೆಕ್ಸ್ ಅಲ್ಲ, ಅವರದು. ಹದಿನಾಲ್ಕು ಮಂದಿ ಒಪ್ಪಿಗಿ ತರ್ರಿ, ಇಲ್ಲೇ ನಿಂತು ಇಳಿಸ್ತೇನಿ.” ಆಮೇಲೆ ಕರುಣೆಯಿಂದ, “ನಿಮ್ಮದೇ ಬ್ಯಾಡಂದ್ರ ಆ ಮೂಲಿ ಒಂದು ಕತ್ತರಿಸಿ ತೆಗಿಲೇನು? ಫ್ಲೆಕ್ಸಿಗೇನೂ ಆಗಲ್ಲ” ಎಂದ.

ಕಲ್ಯಾಣಕುಮಾರ ಸ್ವಲ್ಪ ಯೋಚಿಸಿ, ಬೇಡವೆಂದು ಕಾಲೇಜಿನ ದಾರಿ ಹಿಡಿದ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಾದ ದೇವೀಂದ್ರಪ್ಪ ಸರ್, ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯ ಹಿರಿಯರ ಹಾಗೆ, ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓಡಾಡುತ್ತಿದ್ದರು. ಕಲ್ಯಾಣಕುಮಾರನನ್ನು ಕಂಡೊಡನೆ ಮುಖ ಅರಳಿತು.

“ಬಂದ್ಯೇನು ಯಪ್ಪಾ! ಪ್ರೊಜೆಕ್ಟರ್ ಹತ್ತವಲ್ದು.”

“ಸರ್, ನಿಮ್ಮ ಜೊತೆ ಒಂದು ಮಾತು...”

“ಒಂದ್ಯಾಕೋ, ಎರಡು ಹೇಳು. ಮೊದಲ ಪ್ರೊಜೆಕ್ಟರ್ ನೋಡು.”

ಪ್ರೊಜೆಕ್ಟರ್ ಹೊತ್ತಿತು. ಅದು ಹೊತ್ತಿದೊಡನೆ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಇರಲಿಲ್ಲ. ಡೀಸೆಲ್ ಬಂತು. ನೆಟ್‌ವರ್ಕ್ ಇರಲಿಲ್ಲ. ನಾಲ್ಕು ಹುಡುಗರ ಫೋನುಗಳಿಂದ ನೆಟ್ ಕೂಡಿಸಿ ಮೂವತ್ತೊಂದು ಕಂಪ್ಯೂಟರಿಗೆ ಹಂಚಿದ. ಒಂಬತ್ತೂ ಐವತ್ತಕ್ಕೆ ಬೆವರುತ್ತ ಮತ್ತೆ ಸರ್ ಮುಂದೆ ನಿಂತ.

“ಸರ್, ನನಗ...”

“ಚಾ ಬೇಕೇನು? ಕುಡೀವಂತಿ. ಪಟ್ಟಿ ತಂದೀ? ಆಗಲೇ ಕೆಲಸ ಆದವರ ಹೆಸರು ತೆಗೆದೀಯಿಲ್ಲೋ?”

“ತೆಗೆದೇನ್ರಿ.”

“ಎಷ್ಟು ಮಂದಿ?”

“ಒಬ್ಬಾಂವ್ರಿ.”

“ಯಾರು?”

“ನಾನೇ ರಿ.”

ಸರ್ ಹೊಟ್ಟೆ ಅಲುಗಿಸಿ ನಕ್ಕು ಅವನ ಬೆನ್ನು ಬಡಿದರು. “ತನ್ನ ಹೆಸರು ತಾನೇ ತೆಗೆದಾನ! ಇಂಥಾ ಹುಡುಗ ಒಬ್ಬ ಇದ್ರ ಸಾಕು ನೋಡ್ರಿ!” ಎಂದು ಆಗಷ್ಟೇ ಕಾರಿಳಿದ ಕಂಪನಿಯ ಮೇಡಂಗೆ ಪರಿಚಯಿಸಿದರು. ಮೇಡಂ ಸೊಲ್ಲಾಪುರದವರು, ಅರ್ಧ ಮರಾಠಿ, ಅರ್ಧ ಕನ್ನಡ. ಅವರಿಗೆ ಆ ಮಾತಿನ ತಲೆ ಬುಡ ತಿಳಿಯಲಿಲ್ಲ. “ಛಾನ್, ಛಾನ್” ಎಂದು ಮೆಚ್ಚಿ ಒಳಗೆ ಹೋದರು. ಅಲ್ಲಿಗೆ ಹತ್ತು ಗಂಟೆಯಾಯಿತು.

ಮುಂದಿನ ನಾಲ್ಕು ತಾಸು ಕಲ್ಯಾಣಕುಮಾರ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಹಸಿದವನಿಗೆ ಬಡಿಸುವ ಕೆಲಸ ಕೊಟ್ಟಂತಿತ್ತು. ಸಾಲಿನಲ್ಲಿ ಒಂಬತ್ತನೆಯವಳಾಗಿ ಕೂತಿದ್ದ ಅವನ ತರಗತಿಯ ಮಹೆಕ ಕೈಯ ಕರವಸ್ತ್ರವನ್ನು ಹಿಂಡಿ ಹಗ್ಗ ಮಾಡಿದ್ದಳು.

“ಅಣ್ಣಾ, ಹೈದರಾಬಾದಿನವ್ರು ನಿಂಗೆ ಏನೇನು ಕೇಳಿದ್ರು? ಒಂದೀಟು ಹೇಳು. ನಂಗೆ ಎದಿ ಢವಢವ ಅನ್ನಾಕತ್ತದ.”

ಅವನು ಹೇಳಿದ. ಪ್ರಶ್ನೆಯ ಜೊತೆ ಉತ್ತರವನ್ನೂ ಹೇಳಿದ. ಅವೆಲ್ಲ ತಾನು ತಪ್ಪಿದ ಪ್ರಶ್ನೆಗಳು. ಆದ್ದರಿಂದ ಅವುಗಳ ಸರಿಯಾದ ಉತ್ತರಗಳು ಎಂಟು ದಿನದಿಂದ ಬಾಯಿಪಾಠವಾಗಿದ್ದವು. ಮಹೆಕ ಕಣ್ಣರಳಿಸಿ ಕೇಳಿದಳು. “ಅದಕ್ಕೇ ನಿಂಗೆ ಆಯ್ತು ನೋಡು” ಎಂದಳು.

ಮಧ್ಯಾಹ್ನ ಎರಡಕ್ಕೆ ಮೂವತ್ತು ಮಂದಿ ಮುಗಿದರು. ಮೂವತ್ತೊಂದನೆಯವನು ಶಂಕರಲಿಂಗ. ಖಜೂರಿಯಿಂದ ಬರುತ್ತಿದ್ದ ಅವನ ಬಸ್ಸು ಆಳಂದದ ಆಚೆಯೇ ಕೆಟ್ಟು ನಿಂತಿತ್ತು. “ನಾನು ತಳ್ಳಾಕತ್ತೇನಿ” ಎಂದು ಫೋನಿನಲ್ಲಿ ಹೇಳಿದವನ ಹಿಂದೆ ‘ಹೈಸಾ’ ಎಂಬ ಕೂಗೂ ಕೇಳಿಸಿತು.

ಕಲ್ಯಾಣಕುಮಾರ ಒಳಗೆ ಹೋಗಿ ಮೇಡಂಗೆ ಅದನ್ನು ಹೇಳಿದ. ಮೇಡಂ ಗಡಿಯಾರ ನೋಡಿದರು. “ಇಪ್ಪತ್ತು ಮಿನಿಟ ಅದ. ಚಲಾ, ನೀವೇ ಕೂಡ್ರಿ.”

“ನಾನಾ?”

“ನೀವೂ ಕಂಪ್ಯೂಟರ್ ಸೈನ್ಸೇ ಅಲ್ಲ? ಮುಂಜಾನಿಂದ ನೋಡಾಕತ್ತೇನಿ. ಕರೆಂಟು ನೀವೇ, ನೆಟ್ಟು ನೀವೇ. ಕೂಡ್ರಿ.”

ಕೂಡಬಾರದಿತ್ತು. ಬಾಗಿಲ ಮೇಲೆ, ಸರಿಯಾಗಿ ಅವನ ತಲೆಯ ಹಿಂದೆ, ನಿಯಮ ತೂಗುತ್ತಿತ್ತು. ಆದರೆ ಕಾಲುಗಳಿಗೆ ನಿಯಮ ಓದಲು ಬರುವುದಿಲ್ಲ. ಮುಂಜಾನೆಯಿಂದ ನಿಂತಿದ್ದ ಅವು ಕುರ್ಚಿ ಕಂಡೊಡನೆ ಮಡಚಿಕೊಂಡವು.

ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ. ಕೊನೆಗೆ ಮೇಡಂ, ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದೇನು ಎಂದರು. ಜೇವರ್ಗಿಯ ಬೇಳೆ ಮಿಲ್ಲಿನ ಕತೆ ಹೇಳಿದ. ತೊಗರಿ ಗಾಡಿಗಳು ಬಂದ ಕ್ರಮದಲ್ಲೇ ಒಳಗೆ ಹೋಗಲಿ ಎಂದು ಅವನೊಂದು ಪ್ರೋಗ್ರಾಂ ಬರೆದಿದ್ದ. ಮೊದಲ ದಿನವೇ ಮಾಲೀಕರು ಅದು ಸರಿ ಇಲ್ಲ ಎಂದರು. ಯಾಕೆಂದರೆ ಅವರ ಅಳಿಯನ ಗಾಡಿ ಹದಿನೇಳನೆಯದಾಗಿತ್ತು. ಎರಡು ದಿನ ಯೋಚಿಸಿ ಕಲ್ಯಾಣಕುಮಾರ ಒಂದು ಬಟನ್ ಕೂಡಿಸಿದ. ಅದನ್ನು ಒತ್ತಿದರೆ ಅಳಿಯನ ಗಾಡಿ ಮೊದಲು. ಆದರೆ ಅದು ದಿನಕ್ಕೆ ಒಂದೇ ಸಲ ಒತ್ತಲು ಬರುತ್ತಿತ್ತು. ಎರಡನೇ ಸಲ ಒತ್ತಿದರೆ ‘ಅಳಿಯಂದಿರ ಪಾಳಿ ಮುಗಿದಿದೆ’ ಎಂದು ಬರುತ್ತಿತ್ತು. ಅಳಿಯನಿಗೆ ಸಮಾಧಾನ, ರೈತರಿಗೂ ಸಮಾಧಾನ. ಮಿಲ್ಲಿನಲ್ಲಿ ಇವತ್ತಿಗೂ ಅದೇ ನಡೆಯುತ್ತಿದೆ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಏನೋ ಬರೆದುಕೊಂಡರು.

ಮೂರೂವರೆಗೆ ಅವರು ಕಾರು ಹತ್ತುವ ಮೊದಲು ಅವನ ಕೈಗೆ ಮಡಿಸಿದ ಕಾಗದ ಕೊಟ್ಟರು. “ನಾಲ್ಕು ಹೆಸರು, ಒಂದು ವೇಟಿಂಗ್. ನಿಮ್ಮ ಸರ್ ಹೇಳ್ಯಾರ, ಬ್ಯಾರೆ ಕಡೆ ಆದವರು ಇದ್ರ ತೆಗೀಬೇಕಂತ. ಅದು ನಿಮಗೇ ಗೊತ್ತು. ತೆಗೆದು, ವೇಟಿಂಗಿನವರನ್ನ ಹಾಕಿ, ಆರರೊಳಗ ಮೇಲ್ ಮಾಡ್ರಿ. ನೀವು ಕಳಿಸಿದ್ದೇ ಫೈನಲ್.”

ವಿಭಾಗದ ಕೋಣೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು ಕಾಗದ ಬಿಚ್ಚಿದ. ಮೊದಲ ಮೂರು ಹೆಸರು ಟೈಪ್ ಮಾಡಿದ. ನಾಲ್ಕನೆಯದನ್ನು ಟೈಪ್ ಮಾಡುವಾಗ ಬೆರಳು ತಮ್ಮಷ್ಟಕ್ಕೆ ತಾವೇ ಆಡಿದವು, ಮೂರು ವರ್ಷದಿಂದ ಪ್ರತಿ ಪರೀಕ್ಷೆಯಲ್ಲಿ ಬರೆದ ಹೆಸರು. ಕಲ್ಯಾಣಕುಮಾರ, ತಂದೆ ಬೀರಲಿಂಗಪ್ಪ, ಕರಜಗಿ. ವೇಟಿಂಗ್: ಮಹೆಕ.

ಬಹಳ ಹೊತ್ತು ಪರದೆ ನೋಡುತ್ತ ಕೂತ. ಸಿಕ್ಕಿದೆ. ಫ್ಲೆಕ್ಸಿನವರು ಕೊಟ್ಟದ್ದಲ್ಲ, ತಾನೇ ಗಳಿಸಿದ್ದು. ಇನ್ನು ಹೇಳುವುದು ಸುಲಭ. ‘ಅದು ಸಿಕ್ಕಿರಲಿಲ್ಲ, ಇದು ಸಿಕ್ಕಿದೆ.’ ಒಂದೇ ಉಸಿರಿನಲ್ಲಿ ಎರಡೂ ಮುಗಿಯುತ್ತವೆ. ಜನ ಎರಡನೆಯದನ್ನು ಕೇಳಿ ಮೊದಲನೆಯದನ್ನು ಮರೆಯುತ್ತಾರೆ. ಪ್ರಿಂಟ್ ತೆಗೆದುಕೊಂಡು ಎದ್ದ. ಫಲಿತಾಂಶ ಓದಲು ಎಲ್ಲರನ್ನೂ ಕೂಡಿಸಿದ್ದ ಸಭಾಂಗಣದಿಂದ ಮೈಕಿನ ಸದ್ದು ಬರುತ್ತಿತ್ತು.

ಬಾಗಿಲಲ್ಲಿ ಅವನ ಕಾಲು ನಿಂತವು.

ವೇದಿಕೆಯ ಮೇಲೆ ಅಪ್ಪ ಇದ್ದ. ಬಿಳಿ ರುಮಾಲು ಸುತ್ತಿ, ಹಬ್ಬಕ್ಕೆ ಮಾತ್ರ ಹೊರಬರುವ ಅಂಗಿ ತೊಟ್ಟು ನಿಂತಿದ್ದ. ಪಕ್ಕದಲ್ಲಿ ಸರ್. ಮುಂದಿನ ಸಾಲಿನಲ್ಲಿ, ಫ್ಲೆಕ್ಸಿನಿಂದ ಇಳಿದು ಬಂದಂತೆ, ಹದಿನಾಲ್ಕು ಮಂದಿ. ಅದರಲ್ಲಿ ಮೂವರು ಸಭಾಂಗಣದೊಳಗೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

“ಫಲಿತಾಂಶಕ್ಕಿಂತ ಮೊದಲು, ಮಗನನ್ನು ಹೈದರಾಬಾದಿನ ಎತ್ತರಕ್ಕೆ ಏರಿಸಿದ ತಂದೆಗೆ ನಮ್ಮ ಸನ್ಮಾನ!” ಎಂದು ಸರ್ ಮೈಕಿನಲ್ಲಿ ಹೇಳಿದರು. ಬೀರಲಿಂಗಪ್ಪನ ಕೈಗೆ ಮೈಕ್ ಕೊಟ್ಟರು. “ಎರಡು ಮಾತು ಹೇಳ್ರಿ ಹಿರಿಯಾರ.”

ಅಪ್ಪ ಜೀವನದಲ್ಲಿ ಮೈಕ್ ಹಿಡಿದವನಲ್ಲ. ಅದನ್ನು ಕುಡಗೋಲಿನ ಹಾಗೆ ಹಿಡಿದ. ಗಂಟಲು ಸರಿ ಮಾಡಿಕೊಂಡ. “ನನ್ನ ಮಗ...” ಎಂದ.

ಅಷ್ಟಕ್ಕೇ ಪರಮೇಶ ಸೀಟಿ ಹೊಡೆದ. ಹದಿನಾಲ್ಕು ಮಂದಿ ಚಪ್ಪಾಳೆ ತಟ್ಟಿದರು, ಆಮೇಲೆ ಸಭೆಯೆಲ್ಲ ತಟ್ಟಿತು. ಆ ಗದ್ದಲದಲ್ಲಿ ಸರ್ ಶಾಲು ಹೊದಿಸಿದರು, ಯಾರೋ ಹಾರ ಹಾಕಿದರು, ಹಾರ ಬಾಯಿಗೆ ಅಡ್ಡ ಬಂತು. ಅಪ್ಪ ಏನೋ ಹೇಳಲು ಎರಡು ಸಲ ಬಾಯಿ ತೆಗೆದು ಮುಚ್ಚಿದ. ಅವನ ಕಣ್ಣು ಒದ್ದೆಯಾಗಿದ್ದವು.

ಬಾಗಿಲಲ್ಲಿ ನಿಂತ ಕಲ್ಯಾಣಕುಮಾರ ಅದನ್ನು ನೋಡಿದ. ಈಗ ಈ ಪಟ್ಟಿ ಓದಿದರೆ ನಾಲ್ಕನೇ ಹೆಸರಿಗೆ ಸಭೆ ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಎದ್ದು ‘ಒಬ್ಬರಿಗೆ ಒಂದೇ’ ಎನ್ನುತ್ತಾರೆ. ಆಗ ತಾನು ಹೈದರಾಬಾದಿನದು ಸುಳ್ಳು ಎನ್ನಬೇಕು. ಎರಡೂ ಒಂದೇ ಉಸಿರಿನಲ್ಲಿ ಮುಗಿಯುವ ಮಾತುಗಳಾಗಿದ್ದವು, ನಿಜ. ಆದರೆ ಆ ಎರಡರ ನಡುವಿನ ಒಂದು ಗಳಿಗೆಯಲ್ಲಿ ಅಪ್ಪ ಶಾಲು ಹೊದ್ದು ಎಲ್ಲರ ಮುಂದೆ ನಿಂತಿರುತ್ತಾನೆ.

ವಾಪಸು ಕೋಣೆಗೆ ಹೋದ. ನಾಲ್ಕನೆಯ ಹೆಸರು ಅಳಿಸಿದ. ಮಹೆಕ ಎಂದು ಟೈಪ್ ಮಾಡಿದ. ಮೇಲ್ ಕಳಿಸಿ, ಹೊಸ ಪ್ರಿಂಟ್ ತೆಗೆದ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಆಳಂದದಲ್ಲಿ ಕಲಿತ ಹಾಗೆ, ಹರಿಯದಂತೆ ಮೆಲ್ಲಗೆ ಎಳೆದ.

ಸರ್ ಪಟ್ಟಿ ಓದಿದರು. ಮಹೆಕ ಮೊದಲು ನಂಬಲಿಲ್ಲ, ಆಮೇಲೆ ಅತ್ತಳು, ಆಮೇಲೆ ಓಡಿ ಬಂದಳು. “ಅಣ್ಣಾ, ನೀ ಹೇಳಿದ್ದೇ ಕೇಳಿದ್ರು. ನಿಂದೇ ಪುಣ್ಯ ನೋಡು ಇದು!” ಅವನು “ಚಲೋ ಆಯ್ತು” ಎಂದ. ಆಕೆಗೆ ಆಗಿದ್ದು ಚಲೋ ಅಂತಲೇ ಅವನಿಗೆ ಅನ್ನಿಸಿತ್ತು.

ಪರಮೇಶ ಅಷ್ಟರಲ್ಲೇ ಗೌಸಮೊಹಿದ್ದೀನನಿಗೆ ಫೋನು ಹಚ್ಚಿದ್ದ. “ಭಾಯ್, ನಾಕು ಮಂದೀದು ಹೊಸ ಫ್ಲೆಕ್ಸ್. ಹದಿನೈದು ಅಡಿ ಬೇಕು.” ಫೋನಿಗೆ ಕೈ ಮುಚ್ಚಿ ಕಲ್ಯಾಣಕುಮಾರನ ಕಡೆ ತಿರುಗಿದ. “ನಿನ್ನ ಫೋಟೋ ಈ ಸಲ ಕೆಳಗ, ಶುಭಕೋರುವವರ ಜೋಡಿ ಹಾಕಿಸ್ತೇನಿ. ಪಕ್ಕಾ ಇಂಕಿಂದು. ನೀ ಈಗ ದೊಡ್ಡಾಂವ ಆದಿಯಲ್ಲ!”

ಸಂಜೆಯ ಬಸ್ಸಿನಲ್ಲಿ ಅಪ್ಪ ಮಗ ಅಕ್ಕಪಕ್ಕ ಕೂತರು. ಅಪ್ಪ ಶಾಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಸ್ಸು ಊರು ದಾಟಿತು. ಆ ಮನೆಯಲ್ಲಿ ಮಾತು ಕಡಿಮೆ. ಎರಡು ಕಡೆ ಕಬ್ಬು, ಅದರ ಮೇಲೆ ಇಳಿಯುವ ಬಿಸಿಲು.

“ತಮ್ಮಾ” ಎಂದ ಬೀರಲಿಂಗಪ್ಪ, ಕಿಟಕಿಯ ಆಚೆ ನೋಡುತ್ತಲೇ. “ಆ ಹೈದರಾಬಾದಿಂದು ಸಿಕ್ಕಿಲ್ಲ, ಹೌದಿಲ್ಲೋ?”

ಕಲ್ಯಾಣಕುಮಾರನ ಕೈಯಲ್ಲಿದ್ದ ಟಿಕೆಟ್ಟು ಕೆಳಗೆ ಬಿತ್ತು. “ಯಪ್ಪಾ, ನಿನಗ ಯಾರು ಹೇಳಿದ್ರು?”

“ಯಾರರೇ ಯಾಕ ಹೇಳಬೇಕು? ಕೆಲಸ ಸಿಕ್ಕ ಹುಡುಗ ಎಂಟು ದಿನ ನಸುಕಿನಾಗ ಎದ್ದು ಕಬ್ಬಿಗಿ ನೀರು ಹಾಯಸಾಕ ಬರ್ತಾನೇನು? ಮೂರು ವರ್ಷ ಕರದ್ರೂ ಹೊಲದ ಮಾರಿ ನೋಡಿದ್ದಿಲ್ಲ ನೀ.”

“ಅವ್ವಗ ಗೊತ್ತದೇನು?”

“ಅಕಿಗ್ಯಾ? ನನಗಿಂತ ಒಂದಿನ ಮೊದಲೇ ಗೊತ್ತು.”

ಬಸ್ಸು ಒಂದು ಗುಂಡಿ ಹಾರಿತು. ಅಪ್ಪ ಶಾಲು ಬೀಳದಂತೆ ಹಿಡಿದುಕೊಂಡ.

“ಮತ್ತ ಯಾಕ ಕೇಳಲಿಲ್ಲ?”

“ನೀ ಹೇಳ್ತಿ ಅಂತ.” ಶಾಲಿನ ಅಂಚು ಸರಿ ಮಾಡಿ ಮುಂದುವರಿಸಿದ. “ನೀ ಹೇಳವಲ್ಲಿ. ಇವತ್ತು ನಿಮ್ಮ ಸಾಹೇಬ್ರು ಬರ್ರಿ ಅಂತ ಫೋನ್ ಮಾಡಿದ್ರು. ಚಲೋ ಆಯ್ತು, ನಾನೇ ಹೇಳಿಬಿಡ್ತೇನಿ ಅಂತ ಬಂದೆ. ‘ನನ್ನ ಮಗನಿಗಿ ಸಿಕ್ಕಿಲ್ರಿ, ಆ ಫ್ಲೆಕ್ಸ್ ಇಳಿಸ್ರಿ, ಹುಡುಗನ ಹೆಸರೂ ಸೇರಸ್ರಿ’ ಅಂತ ದಾರಿ ತುಂಬ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ‘ನನ್ನ ಮಗ’ ಅನ್ನೂದರಾಗ ಆ ಖೋಡಿಗೋಳು ಚಪ್ಪಾಳಿ ಹೊಡದು ಶಾಲು ಹೊಚ್ಚಿಬಿಟ್ರು. ಮುಂದಿನ ಮಾತೇ ಮರ್ತು ಹೋಯ್ತು. ಸಿಟ್ಟಿಗಿ ಕಣ್ಣಾಗ ನೀರು ಬಂತು ನೋಡು.”

ಕಲ್ಯಾಣಕುಮಾರ ಟಿಕೆಟ್ಟು ಹುಡುಕುವವನ ಹಾಗೆ ಬಹಳ ಹೊತ್ತು ಕೆಳಗೆ ಬಾಗಿದ.

“ಹೋಗ್ಲಿ ಬಿಡು” ಎಂದು ಬೀರಲಿಂಗಪ್ಪ ಅವನ ಬೆನ್ನ ಮೇಲೆ ಕೈ ಇಟ್ಟ. “ಇವತ್ತು ನೀ ಕೂಡಲಿಲ್ಲ, ಹಂಗಾಗಿ ಹೋಯ್ತು. ಇನ್ನೊಂದು ಕಂಪನಿ ಬರ್ತದ. ಅವತ್ತು ಕೂಡು. ಕೂತ್ರ ನಿನಗ ಸಿಗ್ತದ, ನನಗ ಗೊತ್ತದ.”

“ಹೂಂ” ಎಂದ ಮಗ.

ಇವತ್ತು ಕೂತಿದ್ದೆ, ಸಿಕ್ಕಿತ್ತು ಎಂದು ಅವನು ಅಪ್ಪನಿಗೆ ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.